ಪ್ರೂಫಿನ ಅಳತೆಗೆ ಸಿಗದ ವಿಷ

2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ನಮ್ಮ ಹೊಸೂರು ಸೀಮೆಯನ್ನೊಳಗೊಂಡ ಕೃಷ್ಣಗಿರಿ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಷೇಧವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಗಡಿಯ ಆಚೆಗೂ ಈಚೆಗೂ ಸಾವಿನ ಕಾರಣ ಒಂದೇ: ಮಿಥೈಲ್ ಆಲ್ಕೋಹಾಲ್.

ಹಾಗಾದರೆ ಮದ್ಯವನ್ನು ಪರೀಕ್ಷಿಸುವ ಕ್ರಮವೇ ನಮ್ಮಲ್ಲಿರಲಿಲ್ಲವೆ? ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಆಂಗ್ಲರ ಕಾಲದ ಅಬಕಾರಿ ಇಲಾಖೆ ಬಳಸಿದ್ದು ಸೈಕ್ಸ್ ಹೈಡ್ರೋಮೀಟರನ್ನು; ಬ್ರಿಟನ್ನಿನ 1816ರ ಕಾಯಿದೆಯಿಂದ ಅಧಿಕೃತವಾದ, ಮದ್ಯದಲ್ಲಿ ತೇಲಿಬಿಡುವ ಲೋಹದ ಉಪಕರಣವದು. ಅದಕ್ಕೂ ಹಿಂದೆ ಕೋವಿಮದ್ದನ್ನು ಮದ್ಯದಲ್ಲಿ ನೆನೆಸಿ ಬೆಂಕಿ ತಾಗಿಸುತ್ತಿದ್ದರಂತೆ. ಮದ್ದು ಹೊತ್ತಿಕೊಂಡರೆ ಮದ್ಯ ಗಟ್ಟಿಯೆಂಬುದಕ್ಕೆ ಅದೇ ಪುರಾವೆ, ಅಂದರೆ ‘ಪ್ರೂಫ್’. ರಮ್ ಸೀಸೆಯ ಮೇಲೆ 75 ಡಿಗ್ರಿ ಪ್ರೂಫ್ ಎಂದಿದ್ದರೆ ಶೇ 42.8ರಷ್ಟು ಮದ್ಯಸಾರವೆಂದು ಅರ್ಥ.

ಆದರೆ ಈ ಅಳತೆಗಳೆಲ್ಲ ಹುಟ್ಟಿದ್ದು ಸುಂಕಕ್ಕಾಗಿ, ಕುಡಿಯುವವನ ಪ್ರಾಣಕ್ಕಾಗಿ ಅಲ್ಲ. ಕುಡಿಯುವ ಈಥೈಲಿನ ಸಾಂದ್ರತೆ 0.789, ವಿಷವಾದ ಮಿಥೈಲಿನದು 0.792. ಹೈಡ್ರೋಮೀಟರಿಗೆ ಎರಡೂ ಒಂದೇ! ಬೆಂಕಿ ಹಚ್ಚಿ ನೀಲಿ ಜ್ವಾಲೆ ಬಂದರೆ ಸರಕು ಶುದ್ಧವೆಂಬ ನಂಬಿಕೆಯೂ ಹುಸಿ. ಎರಡೂ ಬೆರೆತಿದ್ದರೂ ಜ್ವಾಲೆ ನೀಲಿಯೇ.

ಬೆಲ್ಲದ ಕೊಳೆಯನ್ನು ಭಟ್ಟಿ ಇಳಿಸಿದಾಗ ಹುಟ್ಟುವ ಮಿಥೈಲ್ ಅತ್ಯಲ್ಪ. ಸಾಮೂಹಿಕ ಸಾವುಗಳಿಗೆ ಕಾರಣವಾಗುವುದು ಕಾರ್ಖಾನೆಗಳಿಂದ ಕದ್ದು ಬೆರೆಸುವ ಸ್ಪಿರಿಟ್. ಕೈಗಾರಿಕೆಗೆ ಸುಂಕವಿಲ್ಲದೆ ಕೊಡುವ ಮದ್ಯಸಾರವನ್ನು ಯಾರೂ ಕುಡಿಯದಿರಲೆಂದು ಅದಕ್ಕೆ ಮಿಥೈಲ್ ಬೆರೆಸುವ ಪದ್ಧತಿಯನ್ನು 1855ರಲ್ಲಿ ಬ್ರಿಟಿಷ್ ಸರ್ಕಾರವೇ ಕಾನೂನಾಗಿಸಿತು. ಬೊಕ್ಕಸದ ಕಾವಲಿಗೆ ವಿಷವನ್ನು ನಿಲ್ಲಿಸಿದ್ದು ವಿಚಿತ್ರವಲ್ಲವೆ?

ಈ ವಿಷವನ್ನು ಗುರುತಿಸುವ ವಿದ್ಯೆ ರಸಾಯನಶಾಸ್ತ್ರಕ್ಕೆ ತಿಳಿಯದ್ದೇನಲ್ಲ. ಪೊಟ್ಯಾಸಿಯಂ ಪರಮಾಂಗನೇಟ್ ಮಿಥೈಲನ್ನು ಫಾರ್ಮಾಲ್ಡಿಹೈಡ್ ಆಗಿಸುತ್ತದೆ. ಬಳಿಕ ಕ್ರೋಮೋಟ್ರೋಪಿಕ್ ಆಮ್ಲ ಮತ್ತು ಗಂಧಕಾಮ್ಲಗಳನ್ನು ಸೇರಿಸಿದರೆ ನೇರಳೆ ಬಣ್ಣ ಮೂಡುತ್ತದೆ. ಗ್ಯಾಸ್ ಕ್ರೊಮಟೋಗ್ರಫಿ ಯಂತ್ರವಂತೂ ಪ್ರಮಾಣವನ್ನೂ ಹೇಳುತ್ತದೆ. ಆದರೆ ಕದ್ದು ಮಾರುವವನು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವನೆ?

ದೇಹದೊಳಗೆ ಮಿಥೈಲ್ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಇದಕ್ಕೆ ಹಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಕಣ್ಣು ಮಂಜಾಯಿತೆಂದು ಕುಡಿದವನು ಹೇಳಿದರೆ ಮನೆಯವರು ಅಮಲು ಇಳಿದಿಲ್ಲವೆಂದು ಮಲಗಿಸುತ್ತಾರೆ; ಆಸ್ಪತ್ರೆಗೆ ಒಯ್ಯಬೇಕಾದ ಹೊತ್ತು ಅದೇ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಎರಡೂ ಕಡೆ ವಿಷದ ಹೆಸರು ತಿಳಿದದ್ದು ಹೆಣಗಳು ಬಿದ್ದ ಮೇಲೆ.