ದುಬೈ ನಗರಕ್ಕೆ ಭೇಟಿ ನೀಡುವವರಿಗೆ ಪ್ರಯಾಣ ಮಾಹಿತಿ

ಸಂಯುಕ್ತ ಅರಬ್ ಸಂಸ್ಥಾನದ (ಯುಎಇ) ದುಬೈ ನಗರದಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಾಗೂ ಬಂಧುಗಳನ್ನು ಕಾಣಲು ರಾಜ್ಯದಿಂದ, ವಿಶೇಷವಾಗಿ ಕರಾವಳಿ ಜಿಲ್ಲೆಗಳಿಂದ, ಅನೇಕರು ತೆರಳುತ್ತಾರೆ. ಇವರಲ್ಲಿ ವಯೋವೃದ್ಧರೂ, ಮೊದಲ ಬಾರಿಗೆ ವಿದೇಶ ಪ್ರಯಾಣ ಮಾಡುವವರೂ ಇರುತ್ತಾರೆ. ಅಂಥವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಪ್ರಯಾಣಕ್ಕೆ ಸೂಕ್ತ ಕಾಲ

ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಹಿತಕರವಾದದ್ದು. ನಮ್ಮಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಇರುವ ಕಾರಣದಿಂದ ಏಪ್ರಿಲ್-ಮೇ ತಿಂಗಳುಗಳಲ್ಲಿ ಹೋಗುವವರೇ ಹೆಚ್ಚು. ಆದರೆ ಮೇ ತಿಂಗಳ ವೇಳೆಗೆ ಅಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು 40 ಡಿಗ್ರಿ ಮೀರುವುದು ಸಾಮಾನ್ಯ. ವಯೋವೃದ್ಧರು, ಗರ್ಭಿಣಿಯರು ಮತ್ತು ಹೃದ್ರೋಗಿಗಳು ಈ ನಾಲ್ಕು ತಿಂಗಳುಗಳನ್ನು ಬಿಟ್ಟು ಪ್ರಯಾಣ ನಿಗದಿಪಡಿಸಿಕೊಳ್ಳುವುದು ಒಳಿತು.

ಬಿಸಿಲಿನಿಂದ ರಕ್ಷಣೆ

ಕಲಬುರಗಿ, ರಾಯಚೂರುಗಳ ಬಿಸಿಲನ್ನು ಕಂಡವರಿಗೆ 42 ಡಿಗ್ರಿ ಹೊಸತೇನಲ್ಲ ಎಂಬ ಭಾವನೆ ಇರಬಹುದು. ಆದರೆ ಅಲ್ಲಿಯದು ಒಣಹವೆ. ದುಬೈ ಮರುಭೂಮಿಯ ಅಂಚಿನಲ್ಲಿದ್ದರೂ ಕಡಲ ತೀರದ ನಗರವಾಗಿದ್ದು, ಕೊಲ್ಲಿಯ ಬೆಚ್ಚನೆಯ ನೀರಿನಿಂದ ಗಾಳಿಯಲ್ಲಿ ತೇವಾಂಶ ತುಂಬಿರುತ್ತದೆ. ಹೀಗಾಗಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ನಡು ಬೇಸಿಗೆಯಲ್ಲಿ ರಾತ್ರಿಯೂ ಉಷ್ಣಾಂಶ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಅಲ್ಲಿನ ಸರ್ಕಾರವು ಪ್ರತಿವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ. ದುಡಿಯುವವರಿಗೇ ಕಡ್ಡಾಯ ವಿರಾಮವಿರುವ ಹೊತ್ತಿನಲ್ಲಿ ಪ್ರವಾಸಿಗರು ಬಯಲಿನಲ್ಲಿ ಸುತ್ತಾಡುವುದು ತರವಲ್ಲ. ಹೊರಗಿನ ಓಡಾಟವನ್ನು ಮುಂಜಾನೆ ಅಥವಾ ಸೂರ್ಯಾಸ್ತದ ನಂತರ ಇಟ್ಟುಕೊಳ್ಳತಕ್ಕದ್ದು.

ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು ಕುಡಿಯಬೇಕು. ಹೆಚ್ಚು ಬೆವರಿದಾಗ ಓಆರ್‌ಎಸ್ ಅಥವಾ ಉಪ್ಪು ಬೆರೆಸಿದ ಮಜ್ಜಿಗೆ ಉಪಯುಕ್ತ. ಮೈ ಮುಚ್ಚುವ ಸಡಿಲವಾದ ಹತ್ತಿ ಬಟ್ಟೆ, ಟೊಪ್ಪಿ ಅಥವಾ ಕೊಡೆ ಇರಲಿ. ಇದರೊಂದಿಗೆ ಒಂದು ಶಾಲನ್ನೂ ಒಯ್ಯುವುದು ಸೂಕ್ತ: ಮಾಲ್, ಮೆಟ್ರೊ ಹಾಗೂ ಕಚೇರಿಗಳಲ್ಲಿ ಹವಾನಿಯಂತ್ರಣದ ಚಳಿ ಹಿರಿಯರಿಗೆ ಸಹಿಸಲಾಗದಷ್ಟಿರುತ್ತದೆ. ನಿಲ್ಲಿಸಿದ ಕಾರಿನೊಳಗೆ ಮಕ್ಕಳನ್ನು ಕೆಲವೇ ನಿಮಿಷಗಳಿಗಾದರೂ ಬಿಟ್ಟುಹೋಗಕೂಡದು.

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಾಣಿಸಿಕೊಂಡರೆ ಕೂಡಲೇ ನೆರಳಿಗೆ ಬಂದು ನೀರು ಕುಡಿದು ವಿಶ್ರಮಿಸಬೇಕು. ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು ಶಾಖಾಘಾತದ ಲಕ್ಷಣಗಳು. ಇದು ಪ್ರಾಣಾಪಾಯದ ಸ್ಥಿತಿ. ತಕ್ಷಣ 998ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸಬೇಕು. ಅದು ಬರುವವರೆಗೆ ರೋಗಿಯ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಔಷಧಿಗಳು ಮತ್ತು ನಿಷೇಧಿತ ವಸ್ತುಗಳು

ಈ ಭಾಗವನ್ನು ಪ್ರಯಾಣಿಕರು ಗಮನವಿಟ್ಟು ಓದಬೇಕಾಗಿ ಕೋರಲಾಗಿದೆ. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಕೆಲವು ಔಷಧಿಗಳು ಅಲ್ಲಿ ಮಾದಕ ಅಥವಾ ನಿಯಂತ್ರಿತ ವಸ್ತುಗಳ ಪಟ್ಟಿಯಲ್ಲಿವೆ. ಕೋಡೀನ್ ಇರುವ ಕೆಮ್ಮಿನ ಔಷಧ, ನೋವಿಗೆ ನೀಡುವ ಟ್ರಮಡಾಲ್, ನಿದ್ರೆ ಹಾಗೂ ಆತಂಕಕ್ಕೆ ನೀಡುವ ಆಲ್‌ಪ್ರಜೋಲಾಮ್, ಡಯಾಜೆಪಾಮ್ ಮುಂತಾದವುಗಳನ್ನು ಒಯ್ಯಬೇಕಾದಲ್ಲಿ ಹೊರಡುವ ಮುನ್ನವೇ ಅಲ್ಲಿನ ಸರ್ಕಾರದಿಂದ ಆನ್‌ಲೈನ್ ಮೂಲಕ ಅನುಮತಿ ಪಡೆಯತಕ್ಕದ್ದು. ಉಳಿದ ಔಷಧಿಗಳನ್ನೂ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಇರಿಸಿಕೊಳ್ಳಬೇಕು. ಇನ್ಸುಲಿನ್ ಬಳಸುವವರು ಅದನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಮಾತ್ರೆ ಸೇವಿಸುವವರು, ಉರಿಬಿಸಿಲಿನ ಊರಿಗೆ ಹೋಗುತ್ತಿರುವುದಾಗಿ ತಮ್ಮ ವೈದ್ಯರಿಗೆ ಮೊದಲೇ ತಿಳಿಸುವುದು ಅಗತ್ಯ.

ಗಸಗಸೆಯನ್ನು ಅಡುಗೆಮನೆಯ ಸಾಮಗ್ರಿ ಎಂದೇ ನಾವು ತಿಳಿದಿರುತ್ತೇವೆ. ಯುಎಇಯಲ್ಲಿ ಅದು ನಿಷೇಧಿತ. ಪಾಯಸಕ್ಕೆಂದು ಮಗಳ ಮನೆಗೆ ಒಯ್ದ ಒಂದು ಹಿಡಿ ಗಸಗಸೆಯೂ ಮಾದಕ ವಸ್ತು ಕಾನೂನಿನ ವ್ಯಾಪ್ತಿಗೆ ಬರಬಹುದು. ತಿಳಿಯದೆ ತಂದೆವೆಂಬ ಸಮಜಾಯಿಷಿ ನಡೆಯುವುದಿಲ್ಲ. ಗಸಗಸೆ ಬೆರೆಸಿದ ಮಸಾಲೆ ಪುಡಿ, ಸಿಹಿತಿಂಡಿಗಳನ್ನೂ ಒಯ್ಯಬಾರದು. ವೀಳ್ಯದೆಲೆ ಮತ್ತು ಪಾನ್ ಸಾಮಗ್ರಿಗಳಿಗೂ ನಿಷೇಧವಿದೆ. ಅನ್ಯರು ಕೊಟ್ಟ ಪೊಟ್ಟಣವನ್ನು, ಅವರು ಪರಿಚಿತರೇ ಆಗಿದ್ದರೂ, ಬಿಚ್ಚಿ ನೋಡದೆ ಸ್ವೀಕರಿಸಕೂಡದು.

60,000 ದಿರ್ಹಮ್‌ಗಿಂತ ಹೆಚ್ಚಿನ ನಗದನ್ನು ಅಥವಾ ಅದರ ಸಮಾನ ಮೌಲ್ಯದ ಇತರ ಕರೆನ್ಸಿ, ಚಿನ್ನವನ್ನು ಒಯ್ಯುವವರು ಅಲ್ಲಿನ ಸುಂಕ ಅಧಿಕಾರಿಗಳಿಗೆ ಘೋಷಿಸತಕ್ಕದ್ದು.

ಪಾಸ್‌ಪೋರ್ಟ್ ಮತ್ತು ವೀಸಾ

ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳ ಸಿಂಧುತ್ವ ಹೊಂದಿರತಕ್ಕದ್ದು. ಪ್ರವಾಸಿ ವೀಸಾ 30 ಅಥವಾ 60 ದಿನಗಳಿಗೆ ದೊರೆಯುತ್ತದೆ. ಹಿಂದಿರುಗುವ ಟಿಕೆಟ್, ತಂಗುವ ಸ್ಥಳದ ದಾಖಲೆ ಮತ್ತು ವೆಚ್ಚಕ್ಕೆ ಹಣವಿರುವುದರ ಪುರಾವೆಯನ್ನು ಕೇಳಬಹುದಾದ್ದರಿಂದ ಇವುಗಳ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. ಅವಧಿ ಮೀರಿ ಉಳಿದಲ್ಲಿ ದಿನವೊಂದಕ್ಕೆ 50 ದಿರ್ಹಮ್ ದಂಡ ಬೀಳುತ್ತದೆ.

ಪ್ರವಾಸಿ ವೀಸಾದ ಮೇಲೆ ಉದ್ಯೋಗ ಮಾಡುವುದು ಅಲ್ಲಿ ಅಪರಾಧ. "ಈಗ ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸಿಕೊಡುತ್ತೇವೆ" ಎನ್ನುವ ಏಜೆಂಟರನ್ನು ನಂಬಿ ಹಣ ಕೊಡಬಾರದು. ಇ.ಸಿ.ಆರ್. ವರ್ಗದ ಪಾಸ್‌ಪೋರ್ಟ್ ಉಳ್ಳವರು ಉದ್ಯೋಗಕ್ಕಾಗಿ ತೆರಳುವಾಗ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ವಲಸೆ ಅನುಮತಿ ಪಡೆಯುವುದು ಕಡ್ಡಾಯ.

ನಗರದಲ್ಲಿ

ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ಇಟ್ಟುಕೊಳ್ಳಬೇಕು. ವಿದ್ಯುತ್ ಪ್ಲಗ್‌ಗಳಿಗೆ ಚೌಕಾಕಾರದ ಮೂರು ಪಿನ್‌ಗಳಿರುವುದರಿಂದ ಅಡಾಪ್ಟರ್ ಬೇಕಾಗುತ್ತದೆ. 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ. ಶುಕ್ರವಾರ ಅರ್ಧ ದಿನ ಕೆಲಸ. ಮೆಟ್ರೊ ಮತ್ತು ಬಸ್ಸುಗಳಿಗೆ ನೋಲ್ ಕಾರ್ಡ್ ಬಳಸಬೇಕು. ಮೆಟ್ರೊ ಒಳಗೆ ತಿನ್ನುವುದು, ಕುಡಿಯುವುದು ದಂಡಾರ್ಹವಾದ್ದರಿಂದ ನಿಲ್ದಾಣಕ್ಕೆ ಬರುವ ಮೊದಲೇ ನೀರು ಕುಡಿದಿರಬೇಕು. ಅಪರಿಚಿತರ, ಅದರಲ್ಲಿಯೂ ಮಹಿಳೆಯರ, ಛಾಯಾಚಿತ್ರವನ್ನು ಅನುಮತಿಯಿಲ್ಲದೆ ತೆಗೆಯಬಾರದು. ರಂಜಾನ್ ಮಾಸದಲ್ಲಿ ಹಗಲು ಹೊತ್ತು ಸಾರ್ವಜನಿಕ ಸ್ಥಳಗಳಲ್ಲಿ ತಿನ್ನದಿರುವುದು ಸೌಜನ್ಯ.

ಮರುಭೂಮಿಗೆ ಒಂಟಿಯಾಗಿ ಹೋಗಬಾರದು. ಮಳೆ ಬಿದ್ದಾಗ ಒಣ ಕಣಿವೆಗಳಲ್ಲಿ ಹಠಾತ್ ಪ್ರವಾಹ ಬರುತ್ತದೆ. 2024ರ ಏಪ್ರಿಲ್ 16ರ ಮಳೆಗೆ ದುಬೈ ವಿಮಾನ ನಿಲ್ದಾಣವೇ ಜಲಾವೃತವಾಗಿತ್ತು.

ತುರ್ತು ಸಂಪರ್ಕ

ಪೊಲೀಸ್ 999, ಆಂಬುಲೆನ್ಸ್ 998, ಅಗ್ನಿಶಾಮಕ 997. ಪಾಸ್‌ಪೋರ್ಟ್ ಕಳೆದುಹೋದಲ್ಲಿ ಪೊಲೀಸರಿಗೆ ದೂರು ನೀಡಿ ದುಬೈನಲ್ಲಿರುವ ಭಾರತದ ಕಾನ್ಸುಲೇಟ್ ಜನರಲ್ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಪಾಸ್‌ಪೋರ್ಟ್ ಮತ್ತು ವೀಸಾದ ಒಂದು ನಕಲನ್ನು ಊರಿನಲ್ಲಿರುವ ಮನೆಯವರ ಬಳಿ ಬಿಟ್ಟು ಹೊರಡುವುದು.