ಕನ್ನಡದ ಅಕ್ಷರಗಳು ಮತ್ತು ಕಲಿಕಾ ನ್ಯೂನತೆ: ಅರಿವು ಬೆಳೆದ ಬಗೆ

ಮಾತಿನಲ್ಲಿ ಚುರುಕು, ಬಾಯಿಲೆಕ್ಕದಲ್ಲಿ ಮುಂದು. ಪುಸ್ತಕ ತೆರೆದರೆ ಮಾತ್ರ ತಡವರಿಕೆ. ಇಂಥ ಮಗುವನ್ನು ‘ಓದು ತಲೆಗೆ ಹತ್ತಲ್ಲ’ ಎಂದು ಬಹುಕಾಲ ಕೈಬಿಡಲಾಯಿತು. ಈ ನಿಲುವು ಬದಲಾದ ಚರಿತ್ರೆಯನ್ನು ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಂಥ ಕಡೆಯ ಕನ್ನಡ ಮಾಧ್ಯಮದ ಮಕ್ಕಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಾನೂನು ಈ ಮಕ್ಕಳನ್ನು ಗುರುತಿಸಿದೆ. ಆದರೆ ಅವರನ್ನು ಅಳೆಯುವ ಕೋಲು ಕನ್ನಡದ್ದೇ ಆಗಬೇಕು ಎಂಬುದು ಇಲ್ಲಿನ ವಾದ.

ಪಶ್ಚಿಮದ ಹಿನ್ನೆಲೆ

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕರ ಬಾಲಕನೊಬ್ಬನ ವಿವರ ಪ್ರಕಟಿಸಿದರು. ಕಣ್ಣು ನೆಟ್ಟಗಿತ್ತು, ಬುದ್ಧಿ ಚುರುಕಾಗಿತ್ತು. ಪದ ಓದಲು ಮಾತ್ರ ಆಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಇವನೇ ಶಾಲೆಗೆ ಜಾಣನೆಂದು ಅವನ ಶಿಕ್ಷಕರು ನಂಬಿದ್ದರು. 1963ರಲ್ಲಿ ಅಮೆರಿಕದ ಸ್ಯಾಮ್ಯುಯಲ್ ಕರ್ಕ್ ಓದು, ಬರಹ, ಭಾಷೆಗಳ ತೊಡಕನ್ನು ಒಟ್ಟಾಗಿ ‘ಕಲಿಕಾ ನ್ಯೂನತೆ’ ಎಂದು ಕರೆದರು. ಬುದ್ಧಿಮಾಂದ್ಯತೆಯಿಂದ ಇದನ್ನು ಬೇರ್ಪಡಿಸಿದ್ದು ಆ ಪರಂಪರೆಯ ದೊಡ್ಡ ಕೊಡುಗೆ. ಆದರೆ ಅದರ ಸಾಕ್ಷ್ಯದಲ್ಲಿ ಹೆಚ್ಚಿನದು ಇಂಗ್ಲಿಷ್ ಓದುವವರಿಂದ ಬಂದದ್ದು.

ಕರ್ನಾಟಕದ ಅಧ್ಯಯನಗಳು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಲವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದ ಕಲಿಕಾ ನ್ಯೂನತೆಯ ಪರೀಕ್ಷೆಗಳು ಮುಂದೆ ದೇಶದಾದ್ಯಂತ ಬಳಕೆಗೆ ಬಂದವು. ಮೈಸೂರಿನಲ್ಲಿ ಇನ್ನೊಂದು ದಾರಿ ತೆರೆಯಿತು. ಭಾರತೀಯ ಭಾಷಾ ಸಂಸ್ಥಾನವು 1994ರಲ್ಲಿ ಕನ್ನಡ ಓದಿನ ಪರೀಕ್ಷೆಗೆ ಚೌಕಟ್ಟನ್ನು ಪ್ರಕಟಿಸಿತು. ಕೆ.ಎಸ್. ಪ್ರೇಮಾ ಅವರು ಕನ್ನಡ ಓದಿನ ಬೆಳವಣಿಗೆಯನ್ನು ಅಳೆಯುವ ಸಾಧನ ರೂಪಿಸಿದರು. ಪ್ರತಿಭಾ ಕಾರಂತ್ ಮತ್ತು ಪ್ರಕಾಶ್ ಪದಕಣ್ಣಾಯ ಅವರು, ಇಂಗ್ಲಿಷ್ ಓದಿನ ಸಿದ್ಧಾಂತಗಳು ಭಾರತೀಯ ಲಿಪಿಗಳಿಗೆ ಹಾಗೆಯೇ ಒಪ್ಪುತ್ತವೆಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡರು.

ಈ ಪ್ರಶ್ನೆಯ ಬೇರು ಲಿಪಿಯಲ್ಲೇ ಇದೆ. ಇಂಗ್ಲಿಷ್ ಮಗು 26 ಅಕ್ಷರಗಳನ್ನು ಬೇಗ ಕಲಿಯುತ್ತದೆ. ಅವು ಪದದೊಳಗೆ ಹೇಗೆ ಉಚ್ಚಾರವಾಗುತ್ತವೆ ಎಂಬಲ್ಲಿ ಸಿಕ್ಕಿಕೊಳ್ಳುತ್ತದೆ. ಕನ್ನಡದಲ್ಲಿ ಬರೆದಂತೆ ಓದು. ಆದರೆ ವರ್ಣಮಾಲೆ ಮುಗಿದ ಮೇಲೆ ಕಾಗುಣಿತ, ಅದರಾಚೆ ಒತ್ತಕ್ಷರ. ಕಲಿಯಬೇಕಾದ ರೂಪಗಳು ನೂರಾರು. ‘ಅಸ್ತ್ರ’ದ ಎರಡನೇ ಅಕ್ಷರದಲ್ಲೇ ಮೂರು ವ್ಯಂಜನಗಳು ಕೂಡಿವೆ. ಬೆಂಗಳೂರಿನ ಸೋನಾಲಿ ನಾಗ್ ಅವರ 2007ರ ಅಧ್ಯಯನವು ಕನ್ನಡ ಮಕ್ಕಳ ಅಕ್ಷರಜ್ಞಾನ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಬೆಳೆಯುತ್ತಲೇ ಹೋಗುತ್ತದೆ ಎಂದು ತೋರಿಸಿತು. ಮಾರ್ಗರೆಟ್ ಸ್ನೋಲಿಂಗ್ ಅವರೊಡನೆ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಅಕ್ಷರಜ್ಞಾನದಲ್ಲೂ ಧ್ವನಿಗಳನ್ನು ಬಿಡಿಸಿ ಗ್ರಹಿಸುವುದರಲ್ಲೂ ತೊಡಕಿರುವುದು ಕಂಡುಬಂತು.

ಕಾನೂನು ಮತ್ತು ಉಳಿದ ಕೆಲಸ

1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಜಾಗವಿರಲಿಲ್ಲ. 2016ರ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಅದು ಸೇರಿತು. ಅದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಒದಗಿಸುವುದು ಶಿಕ್ಷಣ ಸಂಸ್ಥೆಗಳ ಹೊಣೆ ಎಂದು 16ನೇ ಕಲಮು ವಿಧಿಸಿತು. 2018ರ ಮಾರ್ಗಸೂಚಿ ಮೂರನೇ ತರಗತಿ ಅಥವಾ ಎಂಟನೇ ವಯಸ್ಸು, ಯಾವುದು ಮೊದಲೋ ಆಗ, ಶಿಕ್ಷಕರೇ ಪ್ರಾಥಮಿಕ ತಪಾಸಣೆ ಮಾಡಬೇಕೆಂದು ಹೇಳಿತು.

ಸಂಶೋಧನೆಯನ್ನೂ ಕಾನೂನನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಬಿಕ್ಕಟ್ಟು ಎದುರಾಗುತ್ತದೆ. ಮೂರನೇ ತರಗತಿಯಲ್ಲಿ ಒತ್ತಕ್ಷರ ತಪ್ಪುವ ಕನ್ನಡ ಮಗು ಇನ್ನೂ ಸಹಜ ಕಲಿಕೆಯ ಹಾದಿಯಲ್ಲೇ ಇರಬಹುದು. ಅದಕ್ಕೆ ಅವಸರದಲ್ಲಿ ನ್ಯೂನತೆಯ ಹಣೆಪಟ್ಟಿ ಹಚ್ಚುವುದು ಅನ್ಯಾಯ. ‘ಮುಂದೆ ತಾನಾಗಿ ಬರುತ್ತೆ’ ಎಂದು, ನಿಜವಾಗಿ ತೊಡಕಿರುವ ಮಗುವನ್ನು ಬಿಟ್ಟುಬಿಡುವುದೂ ಅಷ್ಟೇ ಅನ್ಯಾಯ. ಶಾಲೆ ತಪ್ಪಿಸಿಕೊಂಡ ಮಗುವಿನ ಹಿಂದುಳಿಕೆಯನ್ನು ಇವೆರಡರಿಂದಲೂ ಬೇರ್ಪಡಿಸಿ ನೋಡಬೇಕು.

ಆದ್ದರಿಂದ ಕೊತ್ತತ್ತಿ ಸುತ್ತಿನ ಶಿಕ್ಷಕರ ಕೈಗೆ ಮೊದಲು ತಲುಪಬೇಕಾದದ್ದು ತರಗತಿವಾರು ಕನ್ನಡ ಮಾನದಂಡ: ಯಾವ ಹಂತಕ್ಕೆ ಯಾವ ಗುಣಿತ, ಯಾವ ಒತ್ತಕ್ಷರ ಬರಬೇಕು, ಎಷ್ಟು ಅಭ್ಯಾಸದ ಬಳಿಕವೂ ಬಾರದಿದ್ದರೆ ತಜ್ಞರ ಬಳಿಗೆ ಕಳಿಸಬೇಕು ಎಂಬ ಸ್ಪಷ್ಟತೆ. ಅಂಥ ಮಾನದಂಡಕ್ಕೆ ಬೇಕಾದ ಸಂಶೋಧನೆಯ ಬುನಾದಿಯನ್ನು ಮೈಸೂರು, ಬೆಂಗಳೂರುಗಳ ವಿದ್ವಾಂಸರು ಆಗಲೇ ಹಾಕಿಕೊಟ್ಟಿದ್ದಾರೆ. ಅದನ್ನು ಶಿಕ್ಷಕರ ತರಬೇತಿಯ ಪಠ್ಯವಾಗಿಸುವುದು ಶಿಕ್ಷಣ ಇಲಾಖೆಯ ಮುಂದಿರುವ ಕೆಲಸ.