ಹೊಲದ ಹೊಂಡದಲ್ಲಿ ಮೀನು, ಸೀಗಡಿ ಆರೋಗ್ಯ: ಸಾಂಗಲಿ–ಮಿರಜ ಭಾಗದ ಕುಟುಂಬಗಳಿಗೆ ಮಾಹಿತಿ

2023ರ ಮಾರ್ಚ್ ತಿಂಗಳಲ್ಲಿ ಸಾಂಗಲಿಯ ಬಳಿ ಕೃಷ್ಣಾ ನದಿಯಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದ್ದನ್ನು ಈ ಭಾಗದವರು ಮರೆತಿಲ್ಲ. ಆ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹೊಲದ ಹೊಂಡದಲ್ಲಿ ಒಂದೇ ರಾತ್ರಿಯಲ್ಲಿ ಸಾಯುವ ಮೀನು ಮಾತ್ರ ಸುದ್ದಿಯಾಗುವುದಿಲ್ಲ. ಒಂದು ಮನೆಯ ವರ್ಷದ ದುಡಿಮೆ ಸದ್ದಿಲ್ಲದೆ ಹೋಗುತ್ತದೆ. ಮಿರಜ ತಾಲ್ಲೂಕಿನ ಪೂರ್ವ ಭಾಗ, ಕವಠೆ ಮಹಾಂಕಾಳ ಮತ್ತು ಜತ್ತ ಕಡೆ ದ್ರಾಕ್ಷಿ, ದಾಳಿಂಬೆಗಾಗಿ ತೋಡಿಸಿದ ಹೊಂಡಗಳು, ಅಂದರೆ ಮರಾಠಿಯ ‘ಶೇತತಳೆ’ಗಳು, ಅನೇಕ. ನೀರು ಹೇಗೂ ಇದೆಯಲ್ಲ ಎಂದು ಅದರಲ್ಲಿ ಮೀನುಮರಿ ಬಿಡುವವರೂ ಇದ್ದಾರೆ. ಇಲಾಖೆಯ ಸೂಚನೆಗಳು ಮರಾಠಿಯಲ್ಲಿ, ಔಷಧಿ ಬಾಟಲಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ ಇರುವಾಗ ಕನ್ನಡ ಶಾಲೆಯಲ್ಲಿ ಕಲಿತ ಪಾಲಕರು ಅಂಗಡಿಯವನ ಮಾತನ್ನೇ ನಂಬಬೇಕಾಗುತ್ತದೆ. ಈ ಕೊರತೆಯನ್ನು ಸ್ವಲ್ಪವಾದರೂ ತುಂಬಲೆಂದು ನಾವು ಈ ಮಾಹಿತಿಯನ್ನು ಕನ್ನಡದಲ್ಲಿ ಕೊಡುತ್ತಿದ್ದೇವೆ.

ಮೊದಲು ತಿಳಿಯಬೇಕಾದುದು ಇಷ್ಟು: ಹೊಂಡದ ಮೀನಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ನೀರು ಕೆಟ್ಟ ಮೇಲೆ ಬರುತ್ತವೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಚೆನ್ನಾಗಿ ತಿಂದು ಬೆಳೆಯುತ್ತದೆ. 3ಕ್ಕಿಂತ ಕೆಳಗೆ ಇಳಿದರೆ ಬಳಲುತ್ತದೆ. ನೀರಿಗೆ ಹಸಿರು ಬಣ್ಣ ಕೊಡುವ ಸೂಕ್ಷ್ಮ ಸಸ್ಯಗಳು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸುತ್ತವೆ, ರಾತ್ರಿ ತಾವೂ ಅದನ್ನೇ ಉಸಿರಾಡುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಆಮ್ಲಜನಕ ಅತ್ಯಂತ ಕಡಿಮೆ ಇರುತ್ತದೆ. ಎರಡು ಮೂರು ದಿನ ಮೋಡ ಕವಿದಾಗ, ಬೇಸಿಗೆಯಲ್ಲಿ ನೀರು ಇಳಿದಾಗ, ಸಗಣಿ ಗೊಬ್ಬರವನ್ನು ಅತಿಯಾಗಿ ಹಾಕಿದಾಗ ಅಪಾಯ ಹೆಚ್ಚು. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ರೋಗವಲ್ಲ, ಉಸಿರುಗಟ್ಟುವಿಕೆ. ಆಗ ಔಷಧಿ ಸುರಿದರೆ ಹಣವೂ ಹೋಯಿತು, ಮೀನೂ ಹೋಯಿತು. ಮೇವು ನಿಲ್ಲಿಸಿ, ಮೋಟಾರು ಹಚ್ಚಿ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ತುಂತುರಾಗಿ ಬೀಳಿಸಬೇಕು. ಸಾಧ್ಯವಿದ್ದರೆ ಹೊಸ ನೀರು ಬಿಡಬೇಕು. ಮಿರಜ ತಾಲ್ಲೂಕಿನ ಮ್ಹೈಸಾಳದಿಂದ ಎತ್ತುವ ಕೃಷ್ಣೆಯ ನೀರು ವರ್ಷವಿಡೀ ಬರುವುದಿಲ್ಲವಾದ್ದರಿಂದ ಹೊಸ ನೀರನ್ನೇ ನೆಚ್ಚಿ ಕೂಡುವಂತಿಲ್ಲ.

ನೀರನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವುಂಟು. ದಡದಲ್ಲಿ ಗಟ್ಟಿಯಾಗಿ ಕುಳಿತು ಅಂಗೈ ಮೇಲಾಗಿಸಿ ಕೈಯನ್ನು ನೀರಿನಲ್ಲಿ ಇಳಿಸಿರಿ. ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಾದರೆ ಹಸಿರು ಮಿತಿಮೀರಿದೆ, ಗೊಬ್ಬರ ನಿಲ್ಲಿಸಬೇಕು. ಮೊಣಕೈ ದಾಟಿದರೂ ಅಂಗೈ ಸ್ಪಷ್ಟವಾಗಿ ಕಂಡರೆ ನೀರಿನಲ್ಲಿ ಮೀನಿಗೆ ಸಹಜ ಆಹಾರ ಕಡಿಮೆಯಾಗಿದೆ.

ಇಳುವರಿ ಹೆಚ್ಚಲೆಂದು ಹೆಚ್ಚು ಮರಿ ಬಿಡುವುದು ಸಾಮಾನ್ಯ ತಪ್ಪು. ಏರೇಟರ್ ಇಲ್ಲದ ಹೊಂಡದಲ್ಲಿ ಎಕರೆಗೆ 2,000ದಿಂದ 4,000 ಬೆರಳುದ್ದದ ಮರಿಗಳು ಸಾಕು. ಕಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಆಹಾರ ಹುಡುಕುವುದರಿಂದ 4:3:3ರ ಪ್ರಮಾಣ ರೂಢಿಯಲ್ಲಿದೆ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರೇ ಇಲ್ಲ. ಅಲ್ಲಿ ಮೃಗಾಲ್ ಕಡಿಮೆ ಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮೇವಿಗೆ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಪಾಲಾಗಿ ಬೆರೆಸಿ, ತೂತು ಮಾಡಿದ ಚೀಲದಲ್ಲಿ ತೂಗುಹಾಕಿದರೆ ಎಷ್ಟು ಉಳಿಯಿತೆಂಬುದು ಮರುದಿನ ಕಾಣುತ್ತದೆ. ಉಳಿದ ಮೇವು ಕೊಳೆತು ಆಮ್ಲಜನಕವನ್ನು ನುಂಗುತ್ತದೆ.

ನಮ್ಮ ಭಾಗಕ್ಕೆ ವಿಶೇಷವಾದ ಅಪಾಯವೊಂದಿದೆ. ದ್ರಾಕ್ಷಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರ ಮೀನಿಗೆ ವಿಷ. ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಅತಿ ಅಲ್ಪ ಪ್ರಮಾಣದಲ್ಲಿಯೂ ಮೀನನ್ನು, ಅದಕ್ಕಿಂತ ಬೇಗ ಸೀಗಡಿಯನ್ನು ಕೊಲ್ಲುತ್ತದೆ. ಸ್ಪ್ರೇ ಟ್ಯಾಂಕನ್ನು ಹೊಂಡದ ದಡದಲ್ಲಿ ತೊಳೆಯುವುದು, ಗಾಳಿ ಹೊಂಡದ ಕಡೆಗೆ ಬೀಸುವಾಗ ಸಿಂಪಡಿಸುವುದು, ಎರಡೂ ಕೂಡದು.

ಚಳಿಗಾಲದಲ್ಲಿ ಮೈಮೇಲೆ ಕೆಂಪು ಹುಣ್ಣು ಎದ್ದು ಮಾಂಸ ಕೊಳೆಯುವ ರೋಗ 1988ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಚಳಿಗೆ ಮೊದಲೇ ಸುಣ್ಣ ಹಾಕಿ ನೀರನ್ನು ಸರಿಯಾಗಿಟ್ಟುಕೊಳ್ಳುವುದು ಇದಕ್ಕೆ ಒಳ್ಳೆಯ ಮುನ್ನೆಚ್ಚರಿಕೆ. ರೋಗ ಕಂಡರೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ‘ಸೈಫ್ಯಾಕ್ಸ್’ ಬಳಕೆಯಲ್ಲಿದೆ. ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರ್ ಅದರ ಪ್ರಮಾಣ. ರೋಹುವಿನ ಮೈಗೆ ಅಂಟುವ ಮೀನು ಹೇನಿಗೆ ಬೆಳೆಯ ಕೀಟನಾಶಕ ಸುರಿಯುವವರಿದ್ದಾರೆ, ಹಾಗೆ ಮಾಡಬಾರದು. ಹೊಂಡದಲ್ಲಿ ಬಿದಿರಿನ ತಟ್ಟಿ ಇಳಿಬಿಟ್ಟರೆ ಹೇನು ಅದರ ಮೇಲೆ ಮೊಟ್ಟೆಯಿಡುತ್ತದೆ. ಆಗಾಗ ತೆಗೆದು ಬಿಸಿಲಿಗೆ ಒಣಗಿಸಿದರೆ ಸಂತತಿ ಕುಗ್ಗುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಗುಂಪಿನ ಔಷಧಿಗಳು ಜಲಕೃಷಿಯಲ್ಲಿ ನಿಷಿದ್ಧ. ಈ ಎರಡು ಹೆಸರುಗಳನ್ನು ಮಕ್ಕಳಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಚೀಟಿಯ ಮೇಲೆ ಬರೆಸಿ ಅಂಗಡಿಗೆ ಒಯ್ಯಿರಿ.

ಇನ್ನು ಸೀಗಡಿಯ ಮಾತು. ಕೃಷ್ಣಾ ತೀರದ ಕಬ್ಬಿನ ಹೊಲಗಳಲ್ಲಿ ಅತಿ ನೀರಾವರಿಯಿಂದ ಸವಳು-ಜವಳಾದ ಭೂಮಿ ಮಿರಜ, ಪಲೂಸ, ವಾಳವಾ ತಾಲ್ಲೂಕುಗಳಲ್ಲಿದೆ. ಇಂಥ ಉಪ್ಪುನೆಲದಲ್ಲಿ ವನ್ನಾಮಿ ಸೀಗಡಿ ಬೆಳೆಯಬಹುದೆಂಬುದನ್ನು ಹರಿಯಾಣದ ರೈತರು ತೋರಿಸಿದ್ದಾರೆ. ಅಲ್ಲಿ ರೋಹತಕ್ ಸಮೀಪದ ಲಾಹ್ಲಿಯಲ್ಲಿ ಮುಂಬಯಿಯ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯ ಕೇಂದ್ರವಿದೆ. ಆದರೆ ಉಪ್ಪಿದ್ದರೆ ಸಾಲದು. ನೆಲದ ಉಪ್ಪುನೀರಿನಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಕಡಿಮೆ. ಸಮುದ್ರದಲ್ಲಿ ಸೋಡಿಯಂ-ಪೊಟ್ಯಾಸಿಯಂ ಪ್ರಮಾಣ ಸುಮಾರು 28ಕ್ಕೆ 1. ಈ ಕೊರತೆಯಿದ್ದರೆ ಸೀಗಡಿ ಪೊರೆ ಕಳಚುವಾಗ ಸಾಯುತ್ತದೆ. ಅದನ್ನು ತುಂಬುವುದು ಕಬ್ಬಿಗೆ ಹಾಕುವ ಅದೇ ಪೊಟ್ಯಾಷ್ ಗೊಬ್ಬರದಿಂದ; ಎಷ್ಟೆಂಬುದನ್ನು ನೀರಿನ ಪರೀಕ್ಷೆಯೇ ಹೇಳಬೇಕು. 1994ರಿಂದ ದೇಶವನ್ನು ಕಾಡಿದ ಬಿಳಿಚುಕ್ಕೆ ರೋಗಕ್ಕೆ ಔಷಧಿಯಿಲ್ಲ. ಬಂದರೆ ಕೆಲವೇ ದಿನಗಳಲ್ಲಿ ಹೊಂಡ ಬರಿದಾಗುತ್ತದೆ. ಪ್ರಯೋಗಾಲಯದಲ್ಲಿ ಪಿಸಿಆರ್ ಪರೀಕ್ಷೆಯಾದ ಮರಿಯನ್ನೇ ತರಬೇಕು. ಹೊಂಡದ ಉಪ್ಪುನೀರನ್ನು ನೆರೆಯವರ ಹೊಲಕ್ಕೆ ಬಿಡಲಾಗದು. ಈ ವ್ಯವಸ್ಥೆ ಮತ್ತು ಇಲಾಖೆಯ ಅನುಮತಿ ಇಲ್ಲದೆ ಸಾಲ ತೆಗೆದು ಸೀಗಡಿಗೆ ಇಳಿಯಬೇಡಿರೆಂದೇ ನಮ್ಮ ಸಲಹೆ.

ನಸುಕಿನಲ್ಲಿ ಮೀನು ಮೇಲೆ ಬಂದಿತ್ತೇ, ಚೀಲದಲ್ಲಿ ಮೇವು ಉಳಿಯಿತೇ, ಎಷ್ಟು ಸತ್ತವು ಎಂಬುದನ್ನು ದಿನವೂ ಒಂದು ವಹಿಯಲ್ಲಿ ಬರೆದಿಡಬೇಕು. ಮನೆಯ ಶಾಲಾಮಕ್ಕಳು ಇದನ್ನು ಕನ್ನಡದಲ್ಲಿಯೇ ಬರೆಯಬಲ್ಲರು. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಜಾರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗದು. ಸುತ್ತ ಬೇಲಿ, ನೀರಿಗೆ ಇಳಿಬಿಟ್ಟ ಗಂಟುಹಗ್ಗ ಇರಲೇಬೇಕು. ಮಕ್ಕಳು ಒಬ್ಬರೇ ಹೋಗಕೂಡದು.

ರೋಗದ ಶಂಕೆ ಬಂದರೆ ಸಾಂಗಲಿಯ ಜಿಲ್ಲಾ ಮೀನುಗಾರಿಕೆ ಕಚೇರಿಯನ್ನು ಸಂಪರ್ಕಿಸಿರಿ. ಸತ್ತು ಹೊತ್ತಾದ ಮೀನಿನಿಂದ ಏನೂ ತಿಳಿಯದು. ಇನ್ನೂ ಜೀವವಿರುವ ಎರಡು ಮೂರು ರೋಗಿ ಮೀನುಗಳನ್ನು ಹೊಂಡದ ನೀರಿನಲ್ಲಿಯೇ, ಪರೀಕ್ಷೆಗೆ ಬೇಕಾದ ನೀರನ್ನು ಬೇರೆ ಸ್ವಚ್ಛ ಬಾಟಲಿಯಲ್ಲಿ, ಜೊತೆಗೆ ಆ ವಹಿಯನ್ನೂ ಒಯ್ಯಬೇಕು.